ಬೀಗರೂಟಕ್ಕೆ ಬಾರದ ಸಿಇಓ

ಮದ್ದೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಇಬ್ಬರು ಕೂತಿದ್ದರು. ಎಳನೀರು ಮಾರುವ ರೈತರ ಕಂಪನಿಯೊಂದರಲ್ಲಿ ಇಬ್ಬರಿಗೂ ಷೇರು ಇತ್ತು. ಅದರ ಮಹಾಸಭೆಗೆ ಹೊರಟಿದ್ದರು. ತಮ್ಮ ಕುದಿಯುತ್ತಿದ್ದ.

"ಇವತ್ತು ಆ ಸಿಇಓ ಮೇಡಮ್‌ನ ಕಿತ್ತಾಕ್ಲೇಬೇಕು ಕಣಕ್ಕ. ನೀನೂ ಕೈ ಎತ್ತು."

"ಯಾಕ್ಲಾ, ಏನ್ ಮಾಡುದ್ಲು?"

"ನನ್ ಮಗಳ ಬೀಗರೂಟಕ್ಕೆ ಕರುದ್ರೆ ಬರ್ನಿಲ್ಲ. ಹಳೇ ಸಿಇಓ ಒಂದು ಬೀಗರೂಟನೂ ತಪ್ಪಿಸ್ತಿರ್ನಿಲ್ಲ."

"ಊಂ ಕಣ್ಲಾ, ಎಲ್ರ ಮನೇಲೂ ಉಂಡ. ನಮ್ ಕಾಯಿ ದುಡ್ಡು ಮಾತ್ರ ತಿಂಗಳುಗಟ್ಲೆ ಬರ್ನಿಲ್ಲ. ಈಗ ವಾರ ವಾರ ಬತ್ತಾ ಇಲ್ವಾ?"

"ಬತ್ತದೆ. ಇವಳು ಬಂದಾಗಿಂದ್ಲೂ ಕಾಯಿಗೆ ಅದೇ ರೇಟು. ಏರ್ಸಿದ್ಲಾ?"

"ಬ್ಯಾಸ್ಗೆ, ಮಳೆ ಅನ್ನದೆ ಅದೇ ರೇಟು ಬರೋದು ಸುಮ್ನೆ ಆಯ್ತದೇನ್ಲಾ?"

"ಜನದ ಮುಂದೆ ನನ್ ಲೋಡು ವಾಪಸ್ ಕಳ್ಸಿದ್ಲು. ನಂಗೆ ಮರ್ವಾದೆ ಬ್ಯಾಡ್ವಾ?"

"ಎಳನೀರ ಕೆಳಗೆ ಬಲಿತ ಕಾಯಿ ತುಂಬಿದ್ದೋನು ಯಾರ್ಲಾ?"

"ಕಂಪನಿ ಅಧ್ಯಕ್ಷರೂ ತುಂಬ್ತಾರೆ."

"ಅವರ ಲೋಡೂ ವಾಪಸ್ ಓಯ್ತು. ಅದಕ್ಕೇ ನಿಮ್ಮನ್ನೆಲ್ಲ ಎತ್ತಿಕಟ್ತಾವ್ರೆ."

"ತಮ್ಮನಿಗಿಂತ ಅವಳೇ ಎಚ್ಚಾದ್ಲಾ ನಿಂಗೆ?"

ಬಸ್ಸು ಬಂತು. ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ನನ್ ಷೇರು ನನ್ ಹೆಸ್ರಲ್ಲೇ ಅದೆ. ನಾನು ಕೈ ಎತ್ತೋದು ಅವಳು ಇರ್ಲಿ ಅಂತ್ಲೇ. ಅದೂ ಮುಂದಿನ ಸಾಲಲ್ಲಿ ನಿಂತ್ಕಂಡು."

ತಮ್ಮ ಅವಳ ಚೀಲಕ್ಕೆ ಕೈ ಚಾಚಿದ.

"ತೂಕ ಅದೆ, ಕೊಡಕ್ಕ."

"ಬುಡ್ಲಾ," ಎಂದು ಚೀಲವನ್ನು ತಾನೇ ಎತ್ತಿಕೊಂಡು ಅವಳು ಬಸ್ಸು ಹತ್ತಿದಳು.