ಸೊಂಟನೋವಿಗೆ ಸಲ್ಲಬೇಕಾದ ಸನ್ಮಾನ

ಸನ್ಮಾನ್ಯ ನಗರಾಧ್ಯಕ್ಷೆ ಇವಾನೆತೆಯವರೇ, ವೇದಿಕೆಯ ಮೇಲೆ ಬೆವರು ಒರೆಸಿಕೊಳ್ಳುತ್ತಿರುವ ಗಣ್ಯರೇ, ಭಾಷಣ ಮುಗಿದ ಮೇಲೆ ಮೀನೂಟವಿದೆ ಎಂಬ ಖಚಿತ ಮಾಹಿತಿಯ ಮೇರೆಗೆ ಆಗಮಿಸಿರುವ ಸಭಿಕರೇ,

ಟೊಕಾಂಟಿನ್ಸ್ ನದಿಯ ದಂಡೆಯಲ್ಲಿ ಈ ಊರು ಹುಟ್ಟಿದಂದಿನಿಂದ ಯಾರೂ ಕಂಡು ಕೇಳರಿಯದ ಸಂಗತಿಯೊಂದನ್ನು ಮೊದಲಿಗೆ ಘೋಷಿಸಬಯಸುತ್ತೇನೆ. ಎವಿಲಾಸಿಯೊ ಎಂಬ ನಾನು ಇಂದು ಅಂಗಿಯ ಎಲ್ಲ ಗುಂಡಿಗಳನ್ನೂ ಹಾಕಿಕೊಂಡಿದ್ದೇನೆ. ಕುತ್ತಿಗೆಯದ್ದೂ ಸೇರಿ. ಹೆಂಡತಿ ಜೊವೆಲಿನಾ ಸಾಕ್ಷಿ. ಉಸಿರು ಕಟ್ಟುತ್ತಿರುವುದರಿಂದ ಭಾಷಣ ಚಿಕ್ಕದಾಗಿರುತ್ತದೆ.

ತಾವು ನನಗೆ 'ವನಮಿತ್ರ' ಎಂಬ ಫಲಕ ಕೊಟ್ಟಿದ್ದೀರಿ. ಇಪ್ಪತ್ತು ವರ್ಷ ಗರಗಸದ ಯಂತ್ರ ಹಿಡಿದವನಿಗೆ ವನಮಿತ್ರ! ಬೆಕ್ಕಿಗೆ ಮೀನುಮಿತ್ರ ಎಂದು ಬಿರುದು ಕೊಟ್ಟ ಹಾಗಾಯಿತು. ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಆಹ್ವಾನ ಪತ್ರಿಕೆಯ ಕೆಳಗೆ ಇನ್ನೊಂದು ಸಾಲಿದೆ. ಬರುವ ಶನಿವಾರ ನನ್ನ ಹುಲ್ಲುಗಾವಲಿನ ಕಸ್ತಾನ್ಯಾ ಮರದ ಸುತ್ತಲಿನ ಕುರುಚಲನ್ನೆಲ್ಲ ಟ್ರಾಕ್ಟರಿನಿಂದ ಸವರಿ, ಸಿಮೆಂಟಿನ ಬೆಂಚು ಹಾಕಿ, ನನ್ನ ಹೆಸರಿನ ಬೋರ್ಡು ನೆಡುತ್ತೀರಂತೆ. ಇಷ್ಟು ಗುಂಡಿ ಹಾಕಿಕೊಂಡು ನಾನು ಬಂದದ್ದು ಅದನ್ನು ತಡೆಯುವುದಕ್ಕೆ.

ನಾನು ಇಲ್ಲಿಗೆ ಬಂದ ಕಾಲದಲ್ಲಿ ಕಡಿದಷ್ಟು ಜಮೀನು ನಿನ್ನದು ಎನ್ನುತ್ತಿದ್ದರು. ನಿಂತ ಕಾಡು ಸೋಮಾರಿಯ ಗುರುತಾಗಿತ್ತು. ನಾನು ಸೋಮಾರಿಯೇ? ಕಡಿದೆ, ಸುಟ್ಟೆ, ಹುಲ್ಲು ಬಿತ್ತಿದೆ, ದನ ಬಿಟ್ಟೆ. ಹಾಗೆಂದು ಇಷ್ಟು ದೊಡ್ಡ ಕೆಲಸದ ಕೀರ್ತಿಯೆಲ್ಲ ನನ್ನೊಬ್ಬನದೇ ಎನ್ನಬೇಡಿ. ಮೊದಲ ಸಾಲಿನಲ್ಲಿ ಮರದ ಮಿಲ್ಲಿನ ಯಜಮಾನರಿದ್ದಾರೆ. ಎರಡನೆಯ ಸಾಲಿನಲ್ಲಿ, ತನ್ನ ಹೊಲಕ್ಕೆಂದು ಹಚ್ಚಿದ ಬೆಂಕಿಯನ್ನು ಉದಾರವಾಗಿ ಮೂವರು ನೆರೆಯವರಿಗೂ ಹಂಚಿದ ಮಹನೀಯರಿದ್ದಾರೆ. ಅವರ ಹಿಂದೆ, ಕಾಡಿನ ಕುತಿಯಾ ಇಲಿಗಳನ್ನೆಲ್ಲ ಭಾನುವಾರದ ಸಾರು ಮಾಡಿ ಮುಗಿಸಿದ ಹೋಟೆಲಿನವರು. ಕಾಡು ಹೇಗೆ ಹೋಯಿತು ಎಂದು ರಾಜಧಾನಿಯಿಂದ ಯಾರಾದರೂ ವಿಚಾರಿಸಿದರೆ ವರದಿ ಬೇಡ, ಈ ಸಭೆಯದೊಂದು ಫೋಟೋ ಕಳಿಸಿದರೆ ಸಾಕು.

ಜನ ಬೀಜ ಆಯ್ದು ತಿನ್ನುವ ಮರವಲ್ಲವೇ, ಕಸ್ತಾನ್ಯಾವನ್ನು ಮಾತ್ರ ಕಡಿಯುವಂತಿಲ್ಲ, ಕಾನೂನು. ಹಾಗಾಗಿ ಒಂದನ್ನು ಬಿಟ್ಟೆ. ಸುಮ್ಮನೆ ಬಿಟ್ಟೆನೇ? ಬುಡದಲ್ಲಿ ಒಂದು ಬಳ್ಳಿಯನ್ನೂ ಹಬ್ಬಗೊಡಲಿಲ್ಲ. ವರ್ಷಕ್ಕೊಮ್ಮೆ ಸೊಂಟದೆತ್ತರಕ್ಕೆ ಸುಣ್ಣ ಬಳಿದೆ. ಮರ ವರ್ಷ ವರ್ಷ ಹೂ ಬಿಟ್ಟಿತು. ಕಾಯಿ? ಇಪ್ಪತ್ತೆರಡು ವರ್ಷ, ಒಂದೂ ಇಲ್ಲ. ಇದು ಗಂಡುಮರ ಎಂದು ನಾನೇ ತೀರ್ಪು ಕೊಟ್ಟೆ.

ಒಮ್ಮೆ ನನ್ನ ಅತ್ತೆ ಫ್ಲೊರಿಪೆಸ್ ಬಂದರು. ಹುಡುಗಿಯಾಗಿದ್ದಾಗಿನಿಂದ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಸ್ತಾನ್ಯಾ ಆಯ್ದವರು. ಮರಕ್ಕೆ ಒಂದು ಸುತ್ತು ಬಂದರು.

"ಅಳಿಯಂದ್ರೇ, ಇದಕ್ಕೆ ಚಡ್ಡಿ ತೊಡ್ಸಿದ್ದು ಯಾರು?"

"ಸುಣ್ಣ ಅತ್ತೆ ಅದು. ಚೆಂದ ಕಾಣ್ಲಿ ಅಂತ."

"ಯಾರಿಗೆ, ದನಗಳಿಗಾ? ಮದುವೆ ಮನೆಯಿಂದ ಗಂಡು, ನೆಂಟರು, ಅಡುಗೆಯವರು ಎಲ್ಲಾರ್ನೂ ಓಡ್ಸಿ, ಮದುಮಗಳೊಬ್ಬಳ್ನೇ ಬಯಲಲ್ಲಿ ನಿಲ್ಸಿದೀರಿ. ಇನ್ನೂ ಯಾಕೆ ಬಸಿರಾಗ್ಲಿಲ್ಲ ಅಂತ ಕೇಳ್ತೀರಲ್ಲ, ನಾಚ್ಕೆ ಆಗಲ್ವಾ?"

ಆಮೇಲೆ ಬಿಡಿಸಿ ಹೇಳಿದರು. ಆ ಹೂವಿನ ಮುಚ್ಚಳ ಎತ್ತುವುದಕ್ಕೆ ದಪ್ಪ ದುಂಬಿಯೇ ಬೇಕು. ದುಂಬಿಗೆ ಕಾಡು ಬೇಕು. ಹುಲ್ಲುಗಾವಲು ದಾಟಿ ಅದು ಬರುವುದಿಲ್ಲ. ಕಲ್ಲಿನಂಥ ಕಾಯಿ ಕೆಳಗೆ ಬಿದ್ದರೆ ಅದನ್ನು ಕೊರೆಯಲು ಕುತಿಯಾದ ಹಲ್ಲೇ ಆಗಬೇಕು. ಮೊಲದಷ್ಟಿರುವ ಆ ಇಲಿ ಬೀಜಗಳನ್ನು ಅಲ್ಲಲ್ಲಿ ಹೂತಿಟ್ಟು ಎಲ್ಲಿಟ್ಟೆನೆಂದು ಮರೆತರೆ ಹೊಸ ಮರ. ಇಷ್ಟು ದೊಡ್ಡ ಕಾಡು ನಿಂತಿರುವುದು ಒಂದು ದಢೂತಿ ದುಂಬಿ ಮತ್ತು ಒಂದು ಮರೆಗುಳಿ ಇಲಿಯ ಮೇಲೆ! ನಮ್ಮ ನಗರಸಭೆಯಾದರೂ ಇದಕ್ಕಿಂತ ಗಟ್ಟಿಯಾಗಿದೆ.

ಇದನ್ನು ಕೇಳಿ ನಾನು ಬದಲಾದೆನೇ? ಇಲ್ಲ, ಮರುವರ್ಷವೂ ಸುಣ್ಣ ಬಳಿದೆ. ಬದಲಾದದ್ದು ನನ್ನ ಸೊಂಟ. ಒಂಬತ್ತು ವರ್ಷದ ಹಿಂದೆ ಕುದುರೆಯಿಂದ ಬಿದ್ದೆ. ಇನ್ನು ಕತ್ತಿ ಹಿಡಿಯಬೇಡ ಎಂದರು ಡಾಕ್ಟರು. ನಾನು ಜೋಲಿಯಲ್ಲಿ ಮಲಗಿ ಬೈಯುತ್ತಿದ್ದಂತೆಯೇ ಹಳ್ಳದ ಕಡೆಯ ಕಾಡು ಕರೆಯದ ನೆಂಟರ ಹಾಗೆ ಒಬ್ಬೊಬ್ಬರಾಗಿ ಒಳಗೆ ಬಂದು, ಮರದ ತನಕ ಹಬ್ಬಿತು. ದುಂಬಿಯೂ ಬಂತು. ಆದ್ದರಿಂದ ಈ ಫಲಕ ನ್ಯಾಯವಾಗಿ ನನ್ನ ಸೊಂಟನೋವಿಗೆ ಸಲ್ಲಬೇಕು.

ಕಳೆದ ಮಳೆಗಾಲ ಹನ್ನೊಂದು ಕಾಯಿ ಬಿದ್ದವು. ಮೊದಲನೆಯದು ನನ್ನ ಜೀಪಿನ ಮೇಲೆಯೇ. ಎಂಬತ್ತಾರರ ಅತ್ತೆ ಬುಟ್ಟಿ ಹಿಡಿದು ಬಂದರು. ಒಂದು ಬೀಜ ಒಡೆದು ಬಾಯಿಗೆ ಹಾಕಿಕೊಂಡರು. ನನಗೊಂದು ಕೊಟ್ಟರು. "ನಮ್ಮಮ್ಮನೂ ನಾನೂ ಇದೇ ದಾರೀಲಿ ಬರ್ತಿದ್ವಿ," ಎಂದರು. ಅಷ್ಟೇ. ಆ ದಾರಿಯಿದ್ದ ಕಾಡನ್ನು ಕಡಿದವನು ನಾನು. ಅದನ್ನು ಅವರು ಇವತ್ತಿನವರೆಗೆ ಬಾಯಿಬಿಟ್ಟು ಆಡಿಲ್ಲ. ನಾನೂ ಇಲ್ಲಿ ಆಡಬೇಕೆಂದು ಬಂದಿರಲಿಲ್ಲ. ಯಾರಾದರೂ ನೀರು ಕೊಡಿ... ಸೆಕೆ, ಬೇರೇನಿಲ್ಲ.

ಹೀಗಿರುವಾಗ ತಾವು ಕುರುಚಲು ಸವರಿದರೆ ಮದುಮಗಳು ಮತ್ತೆ ಒಂಟಿ. ಅತ್ತೆಗೆ ಇನ್ನೊಂದು ಇಪ್ಪತ್ತೆರಡು ವರ್ಷ ಕಾಯಲು ಹೇಳುವ ಧೈರ್ಯ ನನಗಿಲ್ಲ. ಇರುವವರು ಹೇಳಿ ನೋಡಿ. ಬೆಂಚನ್ನು ಬಸ್ ನಿಲ್ದಾಣದಲ್ಲಿ ಹಾಕಿ, ಅಲ್ಲಿ ಜನ ನಿಂತು ನಿಂತು ಸಾಯುತ್ತಿದ್ದಾರೆ. ಅಧ್ಯಕ್ಷೆಯವರು ತಲೆಯಾಡಿಸುತ್ತಿದ್ದಾರೆ. ಒಪ್ಪಿಗೆಯೋ, ನೊಣ ಓಡಿಸಿದ್ದೋ ತಿಳಿಯದು. ಒಪ್ಪಿಗೆ ಎಂದೇ ನಡಾವಳಿಯಲ್ಲಿ ಬರೆದುಕೊಳ್ಳಿ.

ಫಲಕ ಕೊಟ್ಟವರಿಗೂ ಕೂತು ಕೇಳಿದವರಿಗೂ ವಂದನೆಗಳು. ಒಂದೇ ಒಂದು ಉಪಕಾರವಾಗಬೇಕು. ಟ್ರಾಕ್ಟರಿನ ಅಡೆಮಾರ್ ಸಭೆಗೆ ಬಂದಿಲ್ಲ, ಅವನ ಫೋನೂ ಹತ್ತುವುದಿಲ್ಲ. ಊಟ ಮಾಡಿ ದೋಣಿಕಟ್ಟೆಯ ಕಡೆ ಹೋಗುವವರು ಯಾರಾದರೂ, ಐಸ್ ಕಾರ್ಖಾನೆಯ ಪಕ್ಕದ ನೀಲಿ ಬಾಗಿಲು ತಟ್ಟಿ, "ಶನಿವಾರ ಬರ್ಬೇಡ್ವಂತೆ, ಮಲ್ಕೋ" ಎಂದು ಹೇಳಿಬಿಡಿ. ಸ್ವಲ್ಪ ಜೋರಾಗಿಯೇ ತಟ್ಟಿ, ಅವನಿಗೆ ಕಿವಿ ಮಂದ. ನಮಸ್ಕಾರ.