ಹಾಡು ಮುಗಿದ ಮ್ಯಾಲೆ

ಅಷ್ಟ ರೀ ಚಾಚಾ, ಹಾಡ ಅಲ್ಲಿಗೇ ಮುಗೀತು. ಮುಂದ ಏನಿಲ್ಲ... ಮತ್ತ ಹಚ್ಚಲೇನು? ಹಚ್ತೇನಿ, ಅದಕ್ಕೇನು. ಬ್ಯಾಡಗಿಯಿಂದ ರಾಣೇಬೆನ್ನೂರ ತನಕ ಬಿಸಲಾಗ ಬಂದೀರಿ, ಹತ್ತು ಸಲ ಕೇಳ್ರಿ. ಕುಲ್ಸುಮಬಿ ಚಾಚಿ ಹಾಡಿದ್ದು ಇದೊಂದ ರೆಕಾರ್ಡ್ ಉಳದೈತಿ ನಮ್ಮ ಹಂತ್ಯಾಕ. ಚಾ ಆರಾಕತ್ತೈತಿ, ಕುಡೀರಿ.

ಈ ಗುಂಡಿ ಏನಂತೀರಿ? ಇದು ಬಸ್... ಯಾಕ ನಗ್ತೀರಿ? ಸ್ಟ್ಯಾಂಡಿನ ಬಸ್ಸಲ್ರಿ. ಅವತ್ತು ಗೋದಾಮಿನಾಗ ಮೆಣಸಿನಕಾಯಿ ತೊಟ್ಟು ಮುರಕೋತ ಹಾಡಿದವರು ಆರು ಮಂದಿ, ಮೈಕೂ ಆರು. ಒಬ್ಬೊಬ್ಬರ ದನಿ ಏರಿಸಿ ಇಳಿಸಿ ಮಾಡ್ಕೋತ ಕುಂತ್ರ ಹೊತ್ತು ಮುಳುಗತೈತಿ. ಅದಕ್ಕ ಆರೂ ದನಿ ಕೂಡಿಸಿ ಈ ಒಂದ ಗುಂಡಿಗೆ ಕೊಟ್ಟೇನಿ. ಇದನ್ನ ಇಳಿಸಿದ್ರ ಆರೂ ಮಂದಿ ಕೂಡೇ ಇಳೀತಾರ.

ಚಾಚೀದು ಒಬ್ಬರದ ಬೇಕೇನು? ಬ್ಯಾಡ್ರಿ... ಅವರ ಮೈಕಿನ ಗೇನ್ ಅವತ್ತು ಸ್ವಲ್ಪ ಕಮ್ಮಿ ಇತ್ತು. ಗೇನ್ ಅಂದ್ರ ದನಿ ಒಳಗ ಬರೋ ಬಾಗಲಾ. ಬಾಗಲದಾಗ ಕಮ್ಮಿ ಆದ್ರ, ಆಮ್ಯಾಲ ಎಷ್ಟು ಏರಿಸಿದ್ರೂ ಸುತ್ತಲಿನ ಗದ್ಲಾನೂ ಅದರ ಸಂಗಟ ಏರತೈತಿ. ಫ್ಯಾನಿನ ಸದ್ದು, ಗೋದಾಮಿನ ಸದ್ದು, ಮಾತು... ಮಾತಲ್ರಿ, ಸದ್ದು. ಸದ್ದು ಅಂದೆ.

ಹೌದ್ರಿ, ಒಂದ ಸಲಕ್ಕ ಹಾಡಿ ಮುಗಿಸಿದ್ರು. ಚಾಚಿ ಮಣ್ಣಿನ ದಿವಸನೂ ನಿಮಗ ಅದ ಹೇಳಿದ್ನೆಲ್ಲ? ನಕ್ಕೋತ ಮನಿಗೆ ಹೋದ್ರು, ಏನೂ ತ್ರಾಸ ಅನ್ಲಿಲ್ಲ ಅಂತ. ಸಂಜಿಕ ಹಂಗ ಆಗತೈತಿ ಅಂತ ಯಾರಿಗೆ ಗೊತ್ತಿತ್ತು... ಯಾಕ ಹಂಗ ನೋಡ್ತೀರಿ?

ಖರೇ ಹೇಳ್ಲೇನು, ಈ ಖೋಲಿಯಾಗ ಒಬ್ಬನ ಕುಂದ್ರಾಕ ನನಗ ಅಂಜಿಕಿ ಬರತೈತಿ. ಹೋದ ವಾರ ರೆಕಾರ್ಡಿನಾಗ ಚಾಚಿ ಮೈಕಿನ ದನಿ ಪೂರಾ ಬಂದ್ ಮಾಡಿ ನೋಡಿದೆ. ಆದ್ರೂ ಕೇಳಸ್ತಾರ ಚಾಚಾ! ಬಾಜೂಕ ಕುಂತಿದ್ದ ಮೆಹನಾಜಳ ಮೈಕಿನಾಗ, ಇಂದಿರಾಬಾಯಿ ಮೈಕಿನಾಗ, ಎಲ್ಲಾದ್ರಾಗೂ ಚಾಚಿ ದನಿ ಹೊಕ್ಕೊಂಡು ಕುಂತೈತಿ. ಅಷ್ಟು ಜೋರ ಹಾಡಿಸೇನಿ ನಾ.

ಏನಂದ್ರಿ? ಹಾಡ ಮುಗಿಯೂತ್ಲೇ ಗುಂಡಿ ಯಾಕ ಇಳಿಸ್ತೀ ಅಂದ್ರ್ಯಾ? ರೂಢಿ ರೀ. ಎಲ್ಲಾರೂ ಹಂಗ... ಚಾಚಾ, ಕೈ ಬಿಡ್ರಿ. ಬಿಡ್ರಿ ಕೈ... ಆತು. ಆತ್ರಿ, ಮುಟ್ಟಂಗಿಲ್ಲ. ನೋಡ್ರಿ, ಎರಡೂ ಕೈ ತೊಡಿ ಮ್ಯಾಲ ಅದಾವ. ಹಚ್ಚೇನಿ, ಕೇಳ್ರಿ.

...

ಕೇಳಿದ್ರ್ಯಾ?

"ಎದಿ ಹಿಡದಂಗ ಆಗೈತಿ ಸುಶ್ರುತ, ಸಾಕಲ್ಲ?" ಅಂತಾರಲ್ಲ, ಅದು ಚಾಚಿ. ಆಮ್ಯಾಲಿನ ದನಿ ನಂದು. "ಮೆಣಸಿನಕಾಯಿ ಘಾಟು ಚಾಚಿ, ನೀರ ಕುಡೀರಿ. ದನಿ ಸಣ್ಣದಾಗೈತಿ, ಇನ್ನೊಮ್ಮೆ ಜೋರ ಹಾಡ್ರಿ." ನೀವು ಈಗ ಕೇಳಿದ್ದು ಏಳನೇ ಸಲದ್ದು. ಎಂಟನೇ ಸಲಾನೂ ಹಾಡಿದ್ರು. ಅದರಾಗ ದನಿ ಒಡದೈತಿ, ಅದಕ್ಕ ಬಿಟ್ಟೆ.

ಬ್ಯಾಡಗ್ಯಾಗ ಯಾರು ಕೆಮ್ಮಿದ್ರೂ, ಯಾರು ಎದಿ ಹಿಡಕೊಂಡ್ರೂ ಘಾಟು ಅಂತೀವಿ. ನಾನೂ ಅಂದೆ. ಸಾಮಾನು ಕಟ್ಟುವಾಗ ನೋಡ್ತೇನಿ, ಚಾಚಿ ಮೈಕಿನ ಗೇನ್ ತಳದಾಗ ಐತಿ! ದನಿ ಹೆಚ್ಚಾಗಿ ಕೆಂಪು ದೀಪ ಹತ್ತೀತು, ದನಿ ಹರದೀತು ಅಂತ ಅಂಜಿ ಮುಂಜಾನೆ ನಾನ ಇಳಿಸಿದ್ದೆ. ಏರಿಸೋದು ಮರತಿದ್ದೆ. ಎರಡ ಬೆರಳಿಲೆ ತಿರುವಿದ್ರ ಮುಗೀತಿತ್ತು. ಚಾಚಿ ದನಿ ಸಣ್ಣದಿರಲಿಲ್ಲ ಚಾಚಾ. ಮೊದಲನೇ ಸಲನೂ ಇರಲಿಲ್ಲ.

ಬೈರಿ ನನಗ. ಒಂದ ಏಟು ಹಾಕ್ರಿ... ಏನರ ಅನ್ರಿ.

ಯಾಕ... ಆ ಗುಂಡಿ ಯಾಕ ಏರಸಾಕತ್ತೀರಿ? ಮುಂದ ಹಾಡಿಲ್ರಿ. ಚಾಚಿ ಇನ್ನೊಮ್ಮೆ ಹಾಡಾಕ ಉಸಿರು ತಗೊಳ್ಳೋದೊಂದ ಐತಿ.