ಆಷಾಢ ಕಳೆಯಲೆಂದು ಎತ್ತಿಟ್ಟ ರಿಲೇ

ಬಾವಿ ದಾಟುವಾಗ ಗಂಗರಾಜುಗೆ ಆ ಸದ್ದು ಕೇಳಿಸಿತು.

ಟಕ್...

ಒಂದೇ ಸಲ. ತಗಡಿನ ಮೇಲೆ ಹುಣಸೆ ಬೀಜ ಬಿದ್ದ ಹಾಗೆ. ಮುಂದೆ ಆಲದ ಮರದ ಕೆಳಗೆ ಅವನ ಕಾರು ನಿಂತಿತ್ತು. ಉಸಿರಿಗೆ ಒದ್ದಾಡುತ್ತಿದ್ದ ಹೆಂಡತಿ ಶಶಿರೇಖಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬಂದಿದ್ದ. ಕಾರು ತಳ್ಳಲು ಪಕ್ಕದ ಹಳ್ಳಿಯಿಂದ ಚನ್ನವೀರಯ್ಯನನ್ನೂ ಅವನ ತಮ್ಮನನ್ನೂ ಎಬ್ಬಿಸಿಕೊಂಡು ಬರುತ್ತಿದ್ದ.

ಟಕ್... ಟಕ್...

"ಯಾರೋ ಕೀ ತಿರುಗಿಸ್ತಾವ್ರೆ," ಚನ್ನವೀರಯ್ಯ ಪಿಸುಗುಟ್ಟಿದ.

"ನಮ್ಮೋಳೇ ಕಣಯ್ಯ. ಸುಮ್ನೆ ಕೂರೋ ಪೈಕಿ ಅಲ್ಲ ಅವ್ಳು."

ಹೆಂಡತಿಗೆ ಎದ್ದು ಕೂರುವಷ್ಟು ಶಕ್ತಿ ಬಂದಿದೆ ಎಂದು ಅವನಿಗೆ ಹೋದ ಜೀವ ಬಂದಂತಾಯಿತಂತೆ. ಮೂವರೂ ಬಿರಬಿರನೆ ನಡೆದರು.

ಇರಿ... ಅವರನ್ನು ಅಲ್ಲೇ ಬಿಟ್ಟು ಸ್ವಲ್ಪ ಹಿಂದೆ ಹೋಗಬೇಕು. ಇಲ್ಲದಿದ್ದರೆ ನೀವೂ ನಮ್ಮ ನೆಂಟರ ಹಾಗೆ "ಆಲದ ಮರದ ದೆವ್ವ ಎಳ್ಕೊಂಡು ಹೋಯ್ತು" ಎಂದು ಕೈ ತೊಳೆದುಕೊಳ್ಳುತ್ತೀರಿ.

ಶಶಿ ನನ್ನ ಚಿಕ್ಕಪ್ಪನ ಮಗಳು. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮಾಡಿದೆ, ನನ್ನ ಹಿಂದೆಯೇ ಅವಳೂ ಮಾಡಿದಳು. ಫಿಸಿಕ್ಸ್‌ನಲ್ಲಿ ನನಗಿಂತ ಚುರುಕು. ಗುಬ್ಬಿ ಕಡೆಯ ಹಳ್ಳಿಗೆ ಕೊಟ್ಟೆವು. ಚಿಕ್ಕಂದಿನಿಂದಲೂ ಉಬ್ಬಸ. ಆಷಾಢದ ಗಾಳಿ ಎದ್ದರೆ ಎದೆ ಸುಯ್‌ಸುಯ್ ಎನ್ನುತ್ತಿತ್ತು. ಜಾಸ್ತಿಯಾದರೆ ತುಮಕೂರಿನ ಆಸ್ಪತ್ರೆಗೇ ಓಡಬೇಕು. ಆ ಮನೆಯಲ್ಲಿ ಹಳೇ ಬಿಳಿ ಕಾರನ್ನು ಕೊಂಡದ್ದೇ ಅದಕ್ಕೆ.

೧೯೯೮ರ ಬೇಸಿಗೆ ಮುಗಿಯುವ ಹೊತ್ತಿಗೆ ಕಾರು ಹಟ ಹಿಡಿಯಿತು. ಕೀ ತಿರುಗಿಸಿದರೆ ಟಕ್ ಅನ್ನುತ್ತಿತ್ತು, ಅಷ್ಟೇ. ನಾಲ್ಕೈದು ಸಲ ತಿರುಗಿಸಿದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಇಂಜಿನ್ ಬಿಸಿಯಾಗಿದ್ದರೆ ಹಟ ಇನ್ನೂ ಜಾಸ್ತಿ. ಗಂಗರಾಜು ಬ್ಯಾಟರಿ ಹೋಗಿದೆ ಎಂದ. ಅವನ ತಾಯಿ ಪುಟ್ಟತಾಯಮ್ಮ ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ಕಟ್ಟಿದರು.

ಶಶಿ ಸಂಜೆಗತ್ತಲಲ್ಲಿ ಕಾರಿನ ದೀಪ ಹಾಕಿ, ಗಂಡನಿಗೆ ಕೀ ತಿರುಗಿಸಲು ಹೇಳಿ, ಎದುರಿಗೆ ನಿಂತಳು.

"ದೀಪ ಒಂಚೂರೂ ಮಂಕಾಗ್ಲಿಲ್ಲ ನೋಡ್ರಿ. ಬ್ಯಾಟರಿ ಸತ್ತಿದ್ರೆ ದೀಪ ಕುಗ್ಗೋದು, ಟಕಟಕಟಕ ಅಂತ ಒಂದೇ ಸಮ ಬಡ್ಕೊಳ್ಳೋದು. ಇದು ಸ್ಟಾರ್ಟರ್ ರಿಲೇ. ಕರೆಂಟು ಮೋಟಾರಿಗೆ ಹೋಗ್ತಾನೇ ಇಲ್ಲ."

"ಆಯ್ತು ಬುಡಮ್ಮ ಇಂಜಿನಿಯರಮ್ಮ. ಒಳಗೆ ಅನ್ನ ಸೀದೋಯ್ತದೆ ನೋಡೋಗು," ಎಂದ ಗಂಡ.

ಅವಳೇ ಬಸ್ಸಿನಲ್ಲಿ ತುಮಕೂರಿಗೆ ಬಂದು ಶಿರಾ ಗೇಟ್‌ನ ಅಂಗಡಿಯೊಂದರಲ್ಲಿ ಹೊಸ ರಿಲೇ ಕೊಂಡಳು. ನಾನೇ ಜೊತೆಗಿದ್ದೆ. ಅಂಗೈಯಗಲದ ಸಾಮಾನು. ಎರಡು ಸ್ಕ್ರೂ ಬಿಗಿದು ತಂತಿ ಸಿಕ್ಕಿಸಿದರೆ ಮುಗಿಯಿತು.

ಆದರೆ ಮನೆ ಸೇರುವ ಹೊತ್ತಿಗೆ ಆಷಾಢ ಹುಟ್ಟಿತ್ತು.

"ಆಷಾಢದಲ್ಲಿ ಗಾಡಿಗೆ ಹೊಸ ಸಾಮಾನು ಹಾಕ್ತಾರೇನೇ?" ಎಂದರು ಪುಟ್ಟತಾಯಮ್ಮ. "ಭೀಮನ ಅಮಾವಾಸ್ಯೆ ಕಳೀಲಿ." ರಿಲೇಗೆ ಅರಿಶಿನ ಕುಂಕುಮ ಹಚ್ಚಿ, ಪೇಪರಿನಲ್ಲಿ ಸುತ್ತಿ, ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯೊಳಗೆ ಇಟ್ಟರು. ಗಂಗರಾಜು ತುಟಿ ಬಿಚ್ಚಲಿಲ್ಲ. ಓದಿದವನು, ಸರ್ಕಾರಿ ಕೆಲಸದವನು.

ಅಮಾವಾಸ್ಯೆಗೆ ಇನ್ನೂ ವಾರವಿರುವಾಗ ಆ ರಾತ್ರಿ ಬಂತು. ಶಶಿಯ ತುಟಿ ನೀಲಿಯಾಗಿತ್ತು. ಕಾರು ಮನೆಯ ಮುಂದೆ ಹೇಗೋ ಸ್ಟಾರ್ಟ್ ಆಯಿತು. ದಾರಿಯಲ್ಲಿ ಬಾವಿ, ಮುಂದೆ ಆಲದ ಮರ, ಬುಡದಲ್ಲಿ ಮುನೇಶ್ವರನ ಕಲ್ಲು. ಇಂಜಿನ್ ಸದ್ದು ಮಾಡಿಕೊಂಡು ಸ್ವಾಮಿಯ ಮುಂದೆ ಹೋಗಬಾರದು. ನಿಲ್ಲಿಸಬೇಕು, ಆಫ್ ಮಾಡಬೇಕು, ಕೈಮುಗಿದು ಹೋಗಬೇಕು. ಆ ಕಡೆಯ ಡ್ರೈವರುಗಳೆಲ್ಲ ಹಾಗೇ ಮಾಡುವುದು.

"ಆಫ್... ಮಾಡ್ಬೇಡಿ..." ಎಂದಳಂತೆ ಶಶಿ.

"ಒಂದ್ನಿಮಿಷ ಕಣೇ."

ಆಫ್ ಮಾಡಿದ. ಕೈ ಮುಗಿದ. ಕೀ ತಿರುಗಿಸಿದ.

ಟಕ್...

ದೀಪ ಚೆನ್ನಾಗಿ ಉರಿಯುತ್ತಿತ್ತು. ಹಾರನ್ ಊರಿಗೇ ಕೇಳುವಂತಿತ್ತು. ಕಾರಿನ ಮೂಗು ಏರಿನ ಕಡೆಗಿತ್ತು, ಒಬ್ಬನೇ ತಳ್ಳಲಾಗಲಿಲ್ಲ. ಆಗ ಅವನು ಜನ ಕರೆಯಲು ಓಡಿದ್ದು.

ಈಗ ಬಾವಿಯ ಹತ್ತಿರಕ್ಕೆ ಬನ್ನಿ. ಮೂವರೂ ಮರ ಸಮೀಪಿಸುವವರೆಗೂ ಸದ್ದು ಕೇಳುತ್ತಲೇ ಇತ್ತು. ಟಕ್... ಗಾಳಿ... ಟಕ್... ಆಮೇಲೆ ನಿಂತಿತು.

ಗಂಗರಾಜು ಬಾಗಿಲು ತೆಗೆದ. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ಶಶಿ ಹಿಂದಿನ ಸೀಟಿನಲ್ಲಿ, ಅವನು ಮಲಗಿಸಿದ ಹಾಗೇ ಇದ್ದಳು. ಚನ್ನವೀರಯ್ಯ ಅವಳ ಪಾದ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ತಣ್ಗಾಗವ್ರೆ ಸ್ವಾಮಿ... ಎಷ್ಟೊತ್ತಾಯ್ತೋ."

"ಈಗ ಕೀ ತಿರುಗಿಸ್ತಿದ್ಲಲ್ಲಯ್ಯ..."

"ಕೀ ಎಲ್ಲೈತೆ?"

ಗಂಗರಾಜು ಕೀ ಹುಡುಕಿದ. ಅದು ಅವನ ಅಂಗಿಯ ಜೇಬಿನಲ್ಲಿತ್ತು.

ಚನ್ನವೀರಯ್ಯ ಇದನ್ನು ನನಗೆ ಹೇಳುವಾಗ ಅವನ ತಮ್ಮನೂ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದ. ಮೂವರಿಗೂ ಒಟ್ಟಿಗೆ ಕಿವಿ ಕೆಡುತ್ತದೆಯೇ?

ಶಶಿಯ ಮೈ ತೊಳೆದವಳು ನಾನು. ತಾಳಿಯಲ್ಲಿ ಯಾವಾಗಲೂ ಎರಡು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು, ನಮ್ಮ ಹೆಂಗಸರೆಲ್ಲರ ಹಾಗೆ. ಅವತ್ತು ಒಂದೇ ಇತ್ತು. ಗಲಾಟೆಯಲ್ಲಿ ಎಲ್ಲೋ ಬಿದ್ದಿರಬೇಕು ಅಂದುಕೊಂಡೆ.

ಭೀಮನ ಅಮಾವಾಸ್ಯೆ ಬಂತು. ಊರ ಹೆಂಗಸರು ಗಂಡಂದಿರ ಪಾದ ತೊಳೆದು ಆಯುಸ್ಸು ಬೇಡಿದರು. ಮಾರನೇ ದಿನ ಶ್ರಾವಣ. ಪುಟ್ಟತಾಯಮ್ಮ ಮಗನಿಗೆ, "ಈಗ ಹಾಕಿಸ್ಬೋದು ಕಣಪ್ಪ," ಎಂದರು. ಕರ್ಮದ ಕೆಲಸಕ್ಕೆ ಬಂದಿದ್ದ ನಾನು ಜಗಲಿಯ ಮೇಲಿದ್ದೆ. ಕಿವಿಯಾರೆ ಕೇಳಿಸಿಕೊಂಡೆ.

ಗುಬ್ಬಿಯಿಂದ ಮುನಾವರ್ ಪಾಷಾ ಎಂಬ ಮೆಕ್ಯಾನಿಕ್ ಬಂದ. ಅವತ್ತು ಸ್ಟಾರ್ಟ್ ಮಾಡಲೂ ಹೋಗದೆ ತಳ್ಳಿಕೊಂಡು ತಂದು, ಅಂದಿನಿಂದ ಶೆಡ್ಡಿನಲ್ಲಿ ಬೀಗ ಹಾಕಿಟ್ಟಿದ್ದ ಕಾರು. ಡಬ್ಬಿಯಿಂದ ಪೇಪರ್ ಪೊಟ್ಟಣ ತೆಗೆದ, ಬಿಚ್ಚಿ ನೋಡಿದ.

"ಇದು ಹಳೇದಲ್ವಾ ಸಾರ್? ಸುಟ್ಟೋಗಿದೆ."

ಬಾನೆಟ್ ಎತ್ತಿದ. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ.

"ಹೊಸದು ಹಾಕಿಯೇ ಇದೆಯಲ್ಲ. ನನ್ನ ಯಾಕೆ ಕರೆಸಿದ್ರಿ?"

ನಾವೆಲ್ಲ ಹೋಗಿ ನೋಡಿದೆವು. ನಾನೂ ಶಶಿಯೂ ಆರಿಸಿ ತಂದ ರಿಲೇ. ಅರಿಶಿನ ಕುಂಕುಮ ಹಾಗೇ ಇತ್ತು. ಗಂಗರಾಜು ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತ. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಅವಳನ್ನು ದೆವ್ವ ಕೊಂದಿತು ಎಂದು ನನ್ನೆದುರು ಯಾರೂ ಹೇಳಬೇಡಿ. ಕೊಂದವರು ಯಾರೆಂದು ನನಗೆ ಗೊತ್ತು, ಅವರ ಮನೆಯಲ್ಲಿ ನಾನು ಆಮೇಲೆ ನೀರು ಕುಡಿದಿಲ್ಲ. ಆದರೆ ಇದು ನಡೆದದ್ದು ನಿಜ. ಹಗಲು ಹೊತ್ತಿನಲ್ಲಿ, ಕನ್ನಡಕ ಹಾಕಿಕೊಂಡು, ನಾನೇ ಬಗ್ಗಿ ನೋಡಿದೆ. ರಿಲೇಗೆ ಒಂದೇ ಸ್ಕ್ರೂ ಇತ್ತು. ಇನ್ನೊಂದು ಸ್ಕ್ರೂ ಇರಬೇಕಾದ ತೂತಿಗೆ ಒಂದು ಸೇಫ್ಟಿ ಪಿನ್ನು ಹಾಕಿತ್ತು.